ಗೋಡೆಯ ಮೇಲಿನ ನೋರ್ಮಾ

ಲೊರೆದಾನಾ ಹಿಮ್ಮುಖವಾಗಿ ನಡೆದೇ ಹೊಟ್ಟೆ ಹೊರೆದವಳು. ಪ್ರವಾಸಿಗರಿಗೆ ತಿಂಡಿ ತಿನ್ನಿಸುತ್ತಾ ಊರು ತೋರಿಸುವ ಗೈಡು ಅವಳು. ಮುಖ ಅತಿಥಿಗಳ ಕಡೆಗೆ, ಬೆನ್ನು ದಾರಿಯ ಕಡೆಗೆ. ಹನ್ನೆರಡು ವರ್ಷ ಹೀಗೆ ನಡೆದ ಮೇಲೆ ವೆನಿಸ್ಸಿನ ಗಲ್ಲಿಗಳು ಅವಳ ಹಿಮ್ಮಡಿಗೇ ಬಾಯಿಪಾಠವಾಗಿದ್ದವು. ಸೇತುವೆಯ ಮೊದಲ ಮೆಟ್ಟಿಲು ಎಲ್ಲಿ, ತರಕಾರಿಯವನ ಪೆಟ್ಟಿಗೆ ಎಲ್ಲಿ, ಔಷಧದಂಗಡಿಯವನ ನಾಯಿ ಎಲ್ಲಿ ಮಲಗುತ್ತದೆ, ಎಲ್ಲವೂ ತಿರುಗಿ ನೋಡದೆಯೇ ಗೊತ್ತು. ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ಮರದ ಸೌಟು, ಬಾಯಲ್ಲಿ ಬಿಡುವಿಲ್ಲದ ಮಾತು. ಬೆಳಿಗ್ಗೆ ಒಂಬತ್ತೂವರೆಗೆ ಶುರು. ಐದು ಅಂಗಡಿ, ಐದು ಬಗೆಯ ತಿಂಡಿ, ಕೊನೆಗೆ ಮುಕ್ಕಾಲು ಗಂಟೆ ದೋಣಿ.

ಮಾರ್ಚ್ ತಿಂಗಳ ಆ ಶುಕ್ರವಾರ ಎಂಟು ಜನ ಬಂದಿದ್ದರು. ಹತ್ತು ದಿನದ ರಜೆಯ ನಂತರ ಲೊರೆದಾನಾಗೆ ಅದು ಮೊದಲ ತಂಡ. ಒಂದನೆಯ ಅಂಗಡಿಯಲ್ಲಿ ಒಣಮೀನನ್ನು ಎಣ್ಣೆ ಹಾಕಿ ಬೆಣ್ಣೆಯಂತೆ ಕಡೆದು ಬ್ರೆಡ್ಡಿನ ಮೇಲೆ ಬಳಿದದ್ದು, ಎರಡನೆಯದರಲ್ಲಿ ಕರಿದ ಮಾಂಸದುಂಡೆ, ಜೊತೆಗೆ ಒಂದೊಂದು ಪುಟ್ಟ ಲೋಟ ವೈನ್. ಬೆಳಿಗ್ಗೆ ಹತ್ತಕ್ಕೆ ವೈನ್ ಎಂದರೆ ಹೊರಗಿನವರು ಮೊದಲು ಮುಖ ಮುಖ ನೋಡಿಕೊಳ್ಳುತ್ತಾರೆ. ಎರಡನೆಯ ಲೋಟಕ್ಕೆ ಆ ಸಂಕೋಚ ಇರುವುದಿಲ್ಲ. ಆದರೆ ಎಂಟೂ ಜನ ಕಾಯುತ್ತಿದ್ದುದು ಮೂರನೆಯ ಅಂಗಡಿಗೆ. ಅಲ್ಲಿ ಈರುಳ್ಳಿ, ವಿನೆಗರ್ ಹಾಕಿ ನೆನೆಸಿದ ಭೂತಾಯಿ ಮೀನು ಸಿಗುತ್ತದೆ, ಮತ್ತು ಅಲ್ಲಿ ನೋರ್ಮಾ ಚಿಕ್ಕಮ್ಮ ಇರುತ್ತಾಳೆ ಎಂದು ಅವರೆಲ್ಲ ಓದಿಕೊಂಡು ಬಂದಿದ್ದರು.

ಈ ಚಿಕ್ಕಮ್ಮ ಲೊರೆದಾನಾಳ ನಾಲಗೆಯಲ್ಲಿ ಹುಟ್ಟಿದವಳು. ನೋರ್ಮಾ ಬುಸೆತ್ತೊ ಅವಳಿಗೆ ಯಾವ ಕಡೆಯಿಂದಲೂ ನೆಂಟಳಲ್ಲ. ಕೆಲಸ ಹಿಡಿದ ಮೊದಲ ವರ್ಷ, ನಾಲ್ಕೇ ನಾಲ್ಕು ಜನರನ್ನು ಕರೆದುಕೊಂಡು ಬಂದಿದ್ದಾಗ, ಅವರಲ್ಲೊಬ್ಬ "ಈ ಅಜ್ಜಿ ನಿಮಗೆ ಹೇಗೆ ಪರಿಚಯ?" ಎಂದು ಕೇಳಿದ. "ನಮ್ಮಮ್ಮನ ತಂಗಿ" ಎಂದುಬಿಟ್ಟಳು. ಅತಿಥಿಗಳು ಹೊರಗೆ ಹೋಗುವ ತನಕ ನೋರ್ಮಾ ಈರುಳ್ಳಿ ಹೆಚ್ಚುತ್ತಲೇ ಇದ್ದಳು. ಆಮೇಲೆ ಚಾಕು ಕೆಳಗಿಟ್ಟಳು.

"ಏನೇ ಹುಡುಗಿ, ನಿಮ್ಮಮ್ಮ ಯಾರು ಅಂತ್ಲೇ ನಂಗೊತ್ತಿಲ್ಲ. ಅವಳಿಗೆ ನಾನು ತಂಗಿ ಹೆಂಗಾದೆ?"

"ತಪ್ಪಾಯ್ತು ಸಿಯೋರಾ ನೋರ್ಮಾ. ಬಾಯಿ ಜಾರ್ತು."

"ಜಾರಿದ್ದು ಜಾರ್ತು. ಚಿಕ್ಕಮ್ಮ ಅಂದ್ಮೇಲೆ ಭಾನುವಾರ ಊಟಕ್ಕೆ ಬರ್ಬೇಕು. ಬರ್ಲಿಲ್ಲ ಅಂದ್ರೆ ನಿನ್ನ ಅತಿಥಿಗಳ ಎದುರಿಗೇ ಕಿವಿ ಹಿಂಡ್ತೀನಿ ನೋಡು."

ಕೆಲವು ಭಾನುವಾರ ಹೋದಳು. ಆಮೇಲೆ ವ್ಯಾಪಾರ ಕುದುರಿತು, ಭಾನುವಾರಗಳು ಅತಿಥಿಗಳ ಪಾಲಾದವು. ನೋರ್ಮಾ ಮಾತ್ರ ಚಿಕ್ಕಮ್ಮನ ಪಾತ್ರ ಬಿಡಲಿಲ್ಲ. ಜನರ ಎದುರು ಲೊರೆದಾನಾಳ ಗಲ್ಲ ಹಿಡಿದು "ನೋಡಿ, ಹೆಂಗೆ ಸೊರಗಿದಾಳೆ, ಇವಳಿಗೆ ಯಾರಾದ್ರೂ ಒಂದು ತುತ್ತು ಹಾಕಿ" ಎನ್ನುವಳು. ಜನ ಊರಿಗೆ ಹೋಗಿ ಮೀನಿನ ಬಗ್ಗೆ ಒಂದು ಸಾಲು, ಚಿಕ್ಕಮ್ಮನ ಬಗ್ಗೆ ಹತ್ತು ಸಾಲು ಬರೆಯುವರು, ಫೋಟೋ ಹಾಕುವರು. ಅದನ್ನು ಓದಿ ಮತ್ತಷ್ಟು ಜನ ಬರುವರು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಅನ್ನುತ್ತಾರಲ್ಲ, ಹಾಗೆ.

ಹೋದ ಶರತ್ಕಾಲದಲ್ಲಿ ನೋರ್ಮಾ ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದಳು. ಮಗಳು ಫಿಯೊರೆಂಜಾ ಅಂಗಡಿಯಲ್ಲಿ ನಿಂತಳು. ಲೊರೆದಾನಾ ತಂಡ ಕರೆತಂದಾಗಲೆಲ್ಲ ಫಿಯೊರೆಂಜಾ ಮೆಲ್ಲಗೆ, "ಅಮ್ಮ ನಿನ್ನ ಕೇಳ್ತಿದ್ಲು ಕಣೇ" ಎನ್ನುವಳು. "ಈ ವಾರ ಆಸ್ಪತ್ರೆಗೆ ಬಂದೇ ಬರ್ತೀನಿ, ಆಣೆ" ಎನ್ನುವಳು ಲೊರೆದಾನಾ. ಆ ವಾರ ಕ್ರಿಸ್‌ಮಸ್ ಬಂತು, ಆಮೇಲೆ ಕಾರ್ನಿವಲ್ ಬಂತು. ಆಸ್ಪತ್ರೆ ದೂರವೇನಲ್ಲ, ದೋಣಿ ಹತ್ತುವ ಕಟ್ಟೆಗೆ ಹೋಗುವ ದಾರಿಯಲ್ಲೇ ಇದೆ. ವಾರಕ್ಕೆ ನಾಲ್ಕು ಸಲ ಅದರ ಬಾಗಿಲ ಮುಂದೆ ಅವಳು ಹಿಮ್ಮುಖವಾಗಿ ಸಾಗಿ ಹೋಗಿದ್ದಳು. ಮನೆ ಬೇರೆ ಈಗ ಸೇತುವೆಯಾಚೆ ಮೆಸ್ತ್ರೆಯಲ್ಲಿ. ಕೆಲಸ ಮುಗಿದರೆ ರೈಲು ಹಿಡಿಯುವ ಧಾವಂತ. ನೆಪಕ್ಕೆ ಬರಗಾಲವೇ?

"ಅರೆ! ಇವರೇ ಅಲ್ವಾ ನಿಮ್ಮ ಚಿಕ್ಕಮ್ಮ?"

ಕೇಳಿದವಳು ಬಿರ್ಗಿಟೆ, ಡೆನ್ಮಾರ್ಕಿನ ನಿವೃತ್ತ ಶಾಲಾ ಟೀಚರು, ಎಂಟು ಜನರಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವವಳು. ಅವಳ ಬೆರಳು ಲೊರೆದಾನಾಳ ಹಿಂದೆ ಏನನ್ನೋ ತೋರಿಸುತ್ತಿತ್ತು. ಲೊರೆದಾನಾ ತಿರುಗಿದಳು.

ನೋರ್ಮಾಳ ಅಂಗಡಿಯ ಬಾಗಿಲು ಹಾಕಿತ್ತು. ಬಾಗಿಲ ಮೇಲೆ ಒಂದು ಬಿಳಿ ಹಾಳೆ, ಹಾಳೆಯ ಮೇಲೆ ನೋರ್ಮಾಳ ಫೋಟೋ.

ಆ ಊರಿನಲ್ಲಿ ಯಾರಾದರೂ ಸತ್ತರೆ ಗೋಡೆಗೆ ಹಾಳೆ ಅಂಟಿಸುತ್ತಾರೆ. ಫೋಟೋ, ಹೆಸರು, ವಯಸ್ಸು, ಶವಸಂಸ್ಕಾರದ ಪ್ರಾರ್ಥನೆ ಯಾವ ಚರ್ಚಿನಲ್ಲಿ, ಎಷ್ಟು ಗಂಟೆಗೆ. ಮನೆಯ ಬಾಗಿಲಿಗೆ, ಅಂಗಡಿಗೆ, ಸೇತುವೆಯ ಪಕ್ಕಕ್ಕೆ. ಮೊಸರು ತರಲು ಹೊರಟ ಮುದುಕಿಯೂ ನಿಂತು ಓದಿ ಶಿಲುಬೆಯ ಗುರುತು ಮಾಡಿಕೊಂಡೇ ಮುಂದೆ ಹೋಗುವುದು. ಈ ಹಾಳೆ ಅಂಟಿಸಿ ಮೂರು ದಿನವಾಗಿರಬೇಕು, ತೇವಕ್ಕೆ ಅದರ ಅಂಚು ಸುರುಳಿಯಾಗಿತ್ತು. ನೋರ್ಮಾ ಬುಸೆತ್ತೊ, ಎಂಬತ್ನಾಲ್ಕು ವರ್ಷ. ಶುಕ್ರವಾರ ಹತ್ತು ಗಂಟೆಗೆ, ಪಕ್ಕದ ಚರ್ಚಿನಲ್ಲಿ.

ಶುಕ್ರವಾರ ಅಂದರೆ ಇವತ್ತೇ, ಮತ್ತು ಗಂಟೆ ಆಗಲೇ ಹತ್ತೂ ಇಪ್ಪತ್ತು. ಲೊರೆದಾನಾ ಬಂದ ದಾರಿಯತ್ತ ಕಣ್ಣು ಹಾಯಿಸಿದಳು. ಔಷಧದಂಗಡಿಯ ಗೋಡೆಯ ಮೇಲೆ ಅದೇ ಹಾಳೆ. ಮೂಲೆಯ ಕಂಬದ ಮೇಲೆ ಅದೇ. ಸೇತುವೆಯ ಕಲ್ಲಿನ ಮೇಲೆ ಅದೇ. ನಾಲ್ಕು ಕಡೆ ನೋರ್ಮಾ ನಗುತ್ತಿದ್ದಳು, ನಾಲ್ಕಕ್ಕೂ ಬೆನ್ನು ಕೊಟ್ಟುಕೊಂಡು, ಅತಿಥಿಗಳ ಮುಖ ಬಿಟ್ಟು ಬೇರೇನೂ ನೋಡದೆ, ಮಾಂಸದುಂಡೆಯ ಮಹಿಮೆ ಹೇಳುತ್ತಾ ಅವಳು ಬಂದಿದ್ದಳು.

"ಏನು ಬರೆದಿದ್ದಾರೆ?" ಎಂದಳು ಬಿರ್ಗಿಟೆ.

ನಿಜ ಹೇಳಬಹುದಿತ್ತು. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ. ಚಿಕ್ಕಮ್ಮನ ಹೆಣ ಚರ್ಚಿನಲ್ಲಿರುವಾಗ ಇಲ್ಲಿ ನಿಂತು ಹೊರಗಿನವರಿಗೆ ತಿಂಡಿ ತಿನ್ನಿಸುತ್ತಿರುವ ನೀನೆಂಥ ಮಗಳು? ಒಂದೋ ಕಲ್ಲೆದೆಯವಳಾಗಬೇಕು, ಇಲ್ಲವೋ ಹನ್ನೆರಡು ವರ್ಷದ ಸುಳ್ಳಿ ಆಗಬೇಕು. ಎರಡೂ ಬೇಡವೆನ್ನಿಸಿತು. ಅವಳಿಗೆ ಅಳು ಬರುವ ಮೊದಲು ಮಾತು ಬಂತು, ಅದೇ ಅವಳ ಗ್ರಹಚಾರ.

"ಹುಟ್ಟಿದ ಹಬ್ಬ" ಎಂದಳು. "ಎಂಬತ್ನಾಲ್ಕು ತುಂಬಿತು. ಚರ್ಚಿನಲ್ಲಿ ಅವಳ ಹೆಸರಿನಲ್ಲಿ ಪೂಜೆ ಇದೆ, ಅದಕ್ಕೇ ಅಂಗಡಿ ಮುಚ್ಚಿದ್ದಾರೆ."

"ಮತ್ತೆ ನೀವು ಹೋಗಲಿಲ್ವಾ?"

"ನೀವು ಬರ್ತೀರಲ್ಲ. ಅತಿಥಿಗಳನ್ನು ಬಿಟ್ಟು ಬರಬೇಡ ಅಂತ ಚಿಕ್ಕಮ್ಮನೇ ಹೇಳಿದ್ದು."

ಎಂಟು ಜನರೂ ಅಯ್ಯೋ ಎಂದು ಕರಗಿಹೋದರು. ಒಬ್ಬ ಹಾಳೆಯ ಫೋಟೋ ತೆಗೆದುಕೊಂಡ. ಇನ್ನೊಬ್ಬಳು ಲೊರೆದಾನಾಳ ತೋಳು ಸವರಿದಳು. ಆ ಕೈ ತಾಗಿದ್ದೇ ಲೊರೆದಾನಾಳ ಮೈಯೆಲ್ಲ ಹಿಡಿಯಾಯಿತು. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದಳು, ಆದರೆ ಅಲ್ಲಿ ನೆಲದ ಕೆಳಗೂ ನೀರೇ.

ನಾಲ್ಕನೆಯ ಅಂಗಡಿಯಲ್ಲಿ ಅತಿಥಿಗಳು ತಾವಾಗಿಯೇ ಲೋಟ ಎತ್ತಿ, "ನೋರ್ಮಾ! ನೂರು ವರ್ಷ ಬಾಳಲಿ!" ಎಂದು ಕೂಗಿದರು. ಅಂಗಡಿಯವನು ಸುರಿಯುತ್ತಿದ್ದ ಬಾಟಲಿಯನ್ನು ಹಾಗೇ ನಿಲ್ಲಿಸಿ ಲೊರೆದಾನಾಳನ್ನು ನೋಡಿದ. ಒಣಗಿದ್ದ ಮೇಜನ್ನು ಮತ್ತೆ ಒರೆಸಿದ. ಬಿರ್ಗಿಟೆ ಎಲ್ಲಿಗೋ ಹೋಗಿದ್ದವಳು ಹಳದಿ ಹೂಗಳ ದೊಡ್ಡ ಗುಚ್ಛ ಹಿಡಿದು ಬಂದಳು. ಫೋನು ನೋಡಿಕೊಂಡು, ಇಟಾಲಿಯನ್ನಿನಲ್ಲಿ, ಶಾಲೆಯ ದುಂಡು ಅಕ್ಷರದಲ್ಲಿ ಒಂದು ಕಾರ್ಡು ಬರೆದು ಹೂವಿಗೆ ಸಿಕ್ಕಿಸಿದಳು. ಎಂಟೂ ಜನ ಸಹಿ ಹಾಕಿದರು.

"ಸಂಜೆ ನೀವೇ ಕೊಟ್ಟುಬಿಡಿ" ಎಂದಳು. ಲೊರೆದಾನಾ ತಲೆಯಾಡಿಸಿದಳು. ಐದನೆಯ ಅಂಗಡಿಯಲ್ಲಿ ಏನು ತಿನ್ನಿಸಿದಳೋ, ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಎಲ್ಲಿಂದಲೋ ಚರ್ಚಿನ ಗಂಟೆ ಕೇಳುತ್ತಿತ್ತು.

ದೋಣಿಯ ರೀನೋ ಕಟ್ಟೆಯಲ್ಲಿ ಕಾಯುತ್ತಿದ್ದ. ಅರವತ್ತು ದಾಟಿದವನು, ವರ್ಷವಿಡೀ ಒಂದೇ ನೀಲಿ ಸ್ವೆಟರ್ ಹಾಕುವವನು, ಇವತ್ತು ಕಪ್ಪು ಕೋಟು ತೊಟ್ಟು ಟೈ ಕಟ್ಟಿದ್ದ. ಅತಿಥಿಗಳನ್ನು ಕೈಹಿಡಿದು ಹತ್ತಿಸಿಕೊಂಡು, ಅವರಿಗೆ ತಿಳಿಯದ ವೆನಿಸ್ಸಿನ ಮಾತಿನಲ್ಲಿ ಶುರು ಮಾಡಿದ.

"ಚರ್ಚಲ್ಲಿ ನಿನ್ನ ಹುಡುಕಿ ಹುಡುಕಿ ಸಾಕಾಯ್ತು. ಕೊನೇ ಪ್ರಾರ್ಥನೆಗೂ ನಿಲ್ದೆ ಓಡ್ಬಂದೆ ನಾನು, ನಿನ್ನ ಈ ಸವಾರಿಗೋಸ್ಕರ. ಎಲ್ಲಿ ಸತ್ತಿದ್ದೆ?"

"ಗೊತ್ತಿರ್ಲಿಲ್ಲ ರೀನೋ. ಈಗ ನೋಡ್ದೆ."

"ಈಗ ನೋಡಿದ್ಯಾ? ಇಡೀ ಊರಿಗೆ ಕಾಣ್ಸಿದ್ದು ನಿಂಗೊಬ್ಳಿಗೆ ಕಾಣ್ಲಿಲ್ವಾ? ಸರಿ ಬಿಡು. ಈ ಹೂವು ಅವಳಿಗೇ ತಾನೆ?"

ಅಷ್ಟರಲ್ಲಿ ಅತಿಥಿಯೊಬ್ಬ ರೀನೋನ ಭುಜ ತಟ್ಟಿ, ತನಗೆ ಬರುವ ನಾಲ್ಕು ಇಟಾಲಿಯನ್ ಪದ ಜೋಡಿಸಿ, "ಇವತ್ತು ನೋರ್ಮಾ ಹುಟ್ಟಿದ ದಿನ! ನಿಮಗೂ ಗೊತ್ತಾ?" ಎಂದು ಸಂಭ್ರಮದಿಂದ ಕೇಳಿದ. ರೀನೋ ಅವನನ್ನು ನೋಡಿದ, ಆಮೇಲೆ ಲೊರೆದಾನಾಳನ್ನು ನೋಡಿದ.

"ಥೂ" ಎಂದ, ಅಷ್ಟೇ. ಎಂಜಿನ್ ಚಾಲೂ ಮಾಡಿದ.

"ಸ್ಮಶಾನದ ಕಡೆ ತಿರುಗಿಸ್ಬೇಡ" ಎಂದಳು ಲೊರೆದಾನಾ. "ಒಳಗಿನ ಕಾಲುವೇಲೇ ಸುತ್ತಿಸು. ನಿನ್ನ ಕಾಲಿಗೆ ಬೀಳ್ತೀನಿ."

"ಹನ್ನೆರಡು ವರ್ಷದಿಂದ ಯಾವ ಕಡೆ ಹೋಗ್ತೀನೋ ಆ ಕಡೇನೇ ಹೋಗೋದು ತಾಯಿ."

ಕಾಲುವೆ ಮುಗಿದು ಬಯಲು ನೀರು ಬಂತು. ಎದುರಿಗೆ ಸ್ಮಶಾನದ ದ್ವೀಪ, ಅದರ ಕೆಂಪು ಗೋಡೆ. ದಿನವೂ ಲೊರೆದಾನಾ ಇಲ್ಲಿ ಒಂದು ನಗೆಚಟಾಕಿ ಹಾರಿಸುವುದಿತ್ತು: ವೆನಿಸ್ಸಿನಲ್ಲಿ ಬಾಡಿಗೆ ಕಡಿಮೆ ಇರುವ ಜಾಗ ಇದೊಂದೇ, ಅಂತ. ಇವತ್ತು ಎಡಗಡೆಯಿಂದ ಶವದ ದೋಣಿ ನಿಧಾನವಾಗಿ ಬರುತ್ತಿತ್ತು. ರೀನೋ ಎಂಜಿನ್ ನಿಲ್ಲಿಸಿ, ಟೋಪಿ ತೆಗೆದು, ಎದ್ದು ನಿಂತ. ಅಲ್ಲಿ ಹಾಗೆ ನಿಲ್ಲುವುದೇ ಪದ್ಧತಿ. ಹೂಗಳ ನಡುವಿನ ಬಿಳಿ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರಿತ್ತು. ಆ ಹೆಸರು ಓದಲು ಇಟಾಲಿಯನ್ ಬರಬೇಕಾಗಿರಲಿಲ್ಲ. ಬಿರ್ಗಿಟೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಹಿಂದಿನಿಂದ ಮನೆಯವರ ಸಣ್ಣ ದೋಣಿ ಬಂತು. ಅದರಲ್ಲಿ ಐದಾರು ಜನ, ಮುಂದೆ ಫಿಯೊರೆಂಜಾ. ಲೊರೆದಾನಾಳನ್ನು ಕಂಡವಳೇ ಕೈಯೆತ್ತಿ ಎರಡೂ ದೋಣಿ ನಿಲ್ಲಿಸಿದಳು. ರೀನೋ ಬಾಗಿ ಅದರ ಅಂಚು ಹಿಡಿದುಕೊಂಡ.

"ಎಲ್ಲಿದ್ಯೇ ಲೊರೆದಾನಾ? ಮೊದಲನೇ ಬೆಂಚಲ್ಲಿ ನಿಂಗೆ ಜಾಗ ಹಿಡಿದಿದ್ವಿ. ಪಾದ್ರಿಗೆ ಹೇಳಿ ಐದು ನಿಮಿಷ ಕಾಯ್ಸಿದೆ."

"ನಂಗೆ ಯಾರೂ ಹೇಳ್ಲಿಲ್ಲ ಫಿಯೊರೆಂಜಾ."

ಫಿಯೊರೆಂಜಾಳ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಅಚ್ಚರಿ. "ಹೇಳೋದೇನು? ಹೊರಗಿನೋರಿಗೆಲ್ಲ ಫೋನ್ ಮಾಡಿದ್ವಿ. ನಿಂಗೆ ಬೇಡ ಅಂತ ಅಮ್ಮನೇ ಹೋಗೋ ಮುಂಚೆ ಹೇಳಿದ್ಲು. ಅವಳಿಗೆ ಯಾಕೆ ಫೋನು, ದಿನಾ ನಮ್ಮ ಬಾಗಿಲಲ್ಲೇ ಓಡಾಡೋಳು, ಗೋಡೆ ನೋಡ್ಕೊಂಡು ಬರ್ತಾಳೆ, ನಮ್ಮ ಮನೆಯೋಳಲ್ವಾ ಅಂದ್ಲು. ಬಾ, ದಾಟು. ಜಾಗ ಇದೆ."

ದೋಣಿಯಲ್ಲಿದ್ದ ಒಬ್ಬ ಹಲಗೆಯ ಮೇಲೆ ಸರಿದು ಜಾಗ ಬಿಟ್ಟ. ಮಾತು ತಿಳಿಯದಿದ್ದರೂ ಆ ಸರಿಯುವಿಕೆ ಎಲ್ಲರಿಗೂ ತಿಳಿಯಿತು. ಬಿರ್ಗಿಟೆ ಕಣ್ಣು ಒರೆಸಿಕೊಳ್ಳುತ್ತಾ ಹೂಗುಚ್ಛವನ್ನು ಲೊರೆದಾನಾಳ ಕೈಗೆ ತುರುಕಿದಳು. "ಹೋಗಿ, ಹೋಗಿ. ಅಯ್ಯೋ, ನಿಮಗೂ ಗೊತ್ತಿರಲಿಲ್ಲ ಅಲ್ವಾ? ನಮ್ಮ ಚಿಂತೆ ಬಿಡಿ." ಫಿಯೊರೆಂಜಾ ಚಾಚಿದ ಕೈಗೆ ಮೊದಲು ಸಿಕ್ಕಿದ್ದು ಲೊರೆದಾನಾಳ ಕೈಯಲ್ಲ, ಆ ಹೂಗಳು. ಅದರಲ್ಲಿದ್ದ ಕಾರ್ಡನ್ನು ಅವಳು ಓದಿದಳು.

"ಇದೇನೇ ಇದು? ಹುಟ್ಟಿದ ಹಬ್ಬದ ಶುಭಾಶಯ?"

ಬಾಯಿಗೆ ಹತ್ತು ಉತ್ತರ ಬಂದವು. ಭಾಷೆ ಬಾರದ ಪಾಪದವರು, ಅಂಗಡಿಯವನು ಕೊಟ್ಟ ತಪ್ಪು ಕಾರ್ಡು. ಹನ್ನೆರಡು ವರ್ಷದ ಅಭ್ಯಾಸ, ಬಾರದೆ ಇರುತ್ತದೆಯೇ. ಆದರೆ ಎದುರಿಗೆ ನೋರ್ಮಾಳ ಶವಪೆಟ್ಟಿಗೆ ನೀರಿನ ಮೇಲೆ ಮೆಲ್ಲಗೆ ತೂಗುತ್ತಿತ್ತು.

"ನಾನೇ ಹೇಳ್ದೆ ಇವ್ರಿಗೆ" ಎಂದಳು. "ಹಾಳೆ ಓದಿದ್ಮೇಲೆ. ನಿಜ ಹೇಳೋಕೆ ನಾಚ್ಕೆ ಆಯ್ತು. ಹುಟ್ಟಿದ ಹಬ್ಬ ಅಂದ್ಬಿಟ್ಟೆ. ಅವಳ ಹೆಸರು ಹೇಳಿ ಕುಡಿದ್ರು."

ಫಿಯೊರೆಂಜಾ ಬೈದಿದ್ದರೆ ಲೊರೆದಾನಾ ಬದುಕಿಕೊಳ್ಳುತ್ತಿದ್ದಳು. ಫಿಯೊರೆಂಜಾ ಕಾರ್ಡನ್ನು ಹೂವಿನಿಂದ ಬಿಡಿಸಿ ವಾಪಸು ಕೊಟ್ಟಳು.

"ಹೂವು ಇರ್ಲಿ. ಪಾಪ, ಪ್ರೀತಿಯಿಂದ ತಂದಿದಾರೆ" ಎಂದಳು. "ನೀನು ನಿನ್ನ ಅತಿಥಿಗಳ್ನ ನೋಡ್ಕೋ."

ಸರಿದಿದ್ದವನು ಮತ್ತೆ ಹಲಗೆಯ ನಡುವಿಗೆ ಬಂದು ಕುಳಿತ. ರೀನೋ ಕೈಬಿಟ್ಟ. ಎರಡೂ ದೋಣಿಗಳು ದ್ವೀಪದ ಕಡೆಗೆ ಹೋದವು, ಇವರ ದೋಣಿ ನಿಂತಲ್ಲೇ ನಿಂತಿತು.

"ಯಾಕೆ ಹೋಗಲಿಲ್ಲ?" ಎಂದಳು ಬಿರ್ಗಿಟೆ, ಮೆಲ್ಲಗೆ. "ಆಕೆ ಏನಂದರು?"

ಲೊರೆದಾನಾ ಎಂಟು ಮುಖಗಳಿಗೂ ಮುಖ ಕೊಟ್ಟು ನಿಂತಳು.

"ಅದು ಸಾವಿನ ಹಾಳೆ. ನಾನು ಓದಿದ್ದೆ, ನಿಮಗೆ ಸುಳ್ಳು ಹೇಳಿದೆ. ಅವಳು ನನ್ನ ಚಿಕ್ಕಮ್ಮನೂ ಅಲ್ಲ, ಅದೂ ನಾನೇ ಕಟ್ಟಿದ್ದು. ಅಲ್ಲ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ" ಎಂದಳು. ಆಮೇಲೆ, ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ ಎಂಬಂತೆ ಸೇರಿಸಿದಳು: "ಮನೆಯವರ ಜೊತೆ ನನಗೊಂದು ಜಾಗ ಇಟ್ಟಿದ್ದರಂತೆ."