ಹೂಂ ಅಂದರೆ ಸಾಲದು

"ಹೂಂರೀ," ಎಂದು ವಿರುಪಣ್ಣ ಮೂರನೆಯ ಸಲ ವೈರ್‌ಲೆಸ್ ಸೆಟ್ಟಿನೊಳಗೆ ಹೇಳಿದ. ಮಣ್ಣಿನ ರನ್‌ವೇಯ ಆ ತುದಿಯಲ್ಲಿ ಹಳದಿ ವಿಮಾನ ಗುರ್ರೆನ್ನುತ್ತ ನಿಂತೇ ಇತ್ತು. ಬರಲೇನು ಎಂದು ಕೇಳಿದವರು ಪೈಲಟ್ ಸಾಹೇಬರೇ, ಹೂಂ ಅಂದರೆ ಬರದವರೂ ಅವರೇ. ಸೆಟ್ ಕೆಟ್ಟಿತೇನೋ ಎಂದು ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡಿದ. ಔಷಧದ ಡ್ರಮ್ಮುಗಳ ಮಗ್ಗುಲಲ್ಲಿ ಕೂತಿದ್ದ ಮೆಕ್ಯಾನಿಕ್ ಶಫೀಸಾಬ ಬೀಡಿ ಹಚ್ಚುವುದನ್ನು ಮರೆತು ನಗುತ್ತಿದ್ದ.

ಭತ್ತಕ್ಕೆ ಜಿಗಿಹುಳು ಬಿದ್ದ ವರ್ಷ ಅದು, ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ. ಗಂಗಾವತಿಯ ಕಾಲುವೆ ಸೀಮೆಯ ಗದ್ದೆಗಳಿಗೆ ಮೇಲಿನಿಂದ ಔಷಧ ಹೊಡೆಯಲು ವಿಮಾನ ತರಿಸಿದ್ದರು. ಕಾಲುವೆಯ ಬದಿಗೆ ಉಪ್ಪು ಮೇಲೆದ್ದು ಸವಳು ಹಿಡಿದು ಬಿದ್ದಿದ್ದ ನೆಲವನ್ನು ಸಮ ಮಾಡಿ ರನ್‌ವೇ ಮಾಡಿದ್ದಾಯಿತು. ಹಾರುವಾಗ ಹದ್ದಿನ ಕಣ್ಣಿನ ಆ ವಿಮಾನ ನೆಲಕ್ಕಿಳಿದರೆ ಕುರುಡು. ಬಾಲದ ಕೆಳಗೆ ಒಂದು ಪುಟ್ಟ ಗಾಲಿ, ಮುಂದೆ ಎರಡು ದೊಡ್ಡವು. ಮೂತಿ ಮೇಲೆತ್ತಿ ನಿಲ್ಲುವುದರಿಂದ ಒಳಗೆ ಕೂತವರಿಗೆ ನೇರ ಎದುರಿನ ನೆಲ ಕಾಣುವುದೇ ಇಲ್ಲ. ಸಾಲದ್ದಕ್ಕೆ ರನ್‌ವೇಯನ್ನು ಅಡ್ಡ ಹಾಯುವ ಗಾಡಿದಾರಿಯೊಂದಿತ್ತು. ಅಜ್ಜ ಮುತ್ತಜ್ಜಂದಿರ ಕಾಲದ ದಾರಿ, ಬೇಲಿ ಬಡಿದರೆ ಜನ ಬೇಲಿ ಕಿತ್ತು ದಾಟುತ್ತಿದ್ದರು. ಅದಕ್ಕೇ ಆ ದಾರಿಯ ಮಗ್ಗುಲಿಗೆ ಒಂದು ಗುಡಿಸಲು ಹಾಕಿ, ಏಳನೆಯ ಇಯತ್ತೆ ಮುಗಿಸಿದ್ದ ವಿರುಪಣ್ಣನನ್ನು ಕೂಡಿಸಿ ಕೈಗೆ ಸೆಟ್ ಕೊಟ್ಟಿದ್ದರು. ಇಳಿದ ವಿಮಾನ ಔಷಧ ತುಂಬಿಕೊಳ್ಳಲು ಡ್ರಮ್ಮುಗಳತ್ತ ಉರುಳಿ ಬರುವ ಮೊದಲು, ದಾರಿ ಖಾಲಿ ಇದೆಯೋ ಇಲ್ಲವೋ ಅವನು ಹೇಳಬೇಕು. ಹೀಗೆ ನೆಲದ ಮೇಲೆ ಉರುಳುವುದಕ್ಕೆ ಟ್ಯಾಕ್ಸಿ ಅನ್ನುತ್ತಾರೆ ಎಂದು ತಿಳಿದಾಗ, ಬಾಡಿಗೆ ಯಾರು ಕೊಡ್ತಾರ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ.

ಈಗ ಮಾತ್ರ ಅವನಿಗೆ ನಗು ಬರಲಿಲ್ಲ. ಎಂಜಿನ್ ನಿಂತಿತು. ಪೈಲಟ್ ದೇಶಮುಖರು ಇಳಿದು, ಅಷ್ಟು ದೂರವನ್ನು ಬಿಸಿಲಲ್ಲಿ ನಡೆದೇ ಬಂದರು. ರಾಯಚೂರು ಕಡೆಯವರು, ಮಾತೆಲ್ಲ ಇಲ್ಲಿನದೇ.

"ಹೂಂ ಅಂದ್ರ ನಾ ಏನಂತ ತಿಳಕೋಬೇಕು? ಕೇಳಿಸ್ತು ಅಂತೋ, ಬರ್ರಿ ಅಂತೋ?"

ವಿರುಪಣ್ಣ ತಲೆ ತಗ್ಗಿಸಿದ. "ನೀವು ದೊಡ್ಡವರು. ನೀವಾಡಿದ ಮಾತು ನಾ ತಿರಗಿ ಆಡಿದ್ರ ಅಣಕಿಸಿದಂಗ ಆಗ್ತದ್ರಿ."

ಅವನ ಮನೆಯಲ್ಲಿ ಹಿರಿಯರ ಮಾತನ್ನು ಹಾಗೆಯೇ ತಿರುಗಿ ಹೇಳಿದ ಹುಡುಗರಿಗೆ ಬೆನ್ನ ಮೇಲೆ ಬೀಳುತ್ತಿತ್ತು. ಹಿರಿಯರು ಹೇಳಬೇಕು, ಕಿರಿಯರು ಹೂಂಗುಟ್ಟಬೇಕು. ಮರ್ಯಾದೆ ಅಂದರೆ ಅಷ್ಟೇ. ದೇಶಮುಖರು ಒಂದು ಡ್ರಮ್ಮಿನ ಮೇಲೆ ಕೂತು ಸಾವಕಾಶವಾಗಿ ಹೇಳಿದರು. ನೀನು ಪೂರಾ ಮಾತು ಆಡಬೇಕು, ಅದನ್ನು ನಾನು ತಿರುಗಿ ನಿನಗೆ ಹೇಳುತ್ತೇನೆ, ಇಬ್ಬರ ಮಾತೂ ಒಂದೇ ಆದರೆ ಮಾತ್ರ ಗಾಲಿ ಉರುಳುತ್ತದೆ. ಇಲ್ಲದಿದ್ದರೆ ಸಂಜೆಯಾದರೂ ಉರುಳುವುದಿಲ್ಲ.

ಮಾರನೆಯ ದಿನ ವಿರುಪಣ್ಣ ಗಂಟಲು ಸರಿಮಾಡಿಕೊಂಡು, ಗಾಡಿದಾರಿ ಖಾಲಿ ಐತ್ರಿ, ಡ್ರಮ್ಮಿನ ತನಕ ಬರ್ರಿ ಅಂದ. ಗಾಡಿದಾರಿ ಖಾಲಿ ಐತಿ, ಡ್ರಮ್ಮಿನ ತನಕ ಬರ್ತೀನಿ ಎಂದು ಸೆಟ್ಟಿನಿಂದ ಅವನದೇ ಮಾತು ತಿರುಗಿ ಬಂತು. ಅವನಿಗೆ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಅವನ ಮಾತನ್ನು ಯಾರೂ ಹೀಗೆ ಒಂದಕ್ಷರ ಬಿಡದೆ ಕಾಪಾಡಿಕೊಂಡಿರಲಿಲ್ಲ. ತಳಕಲ್ ಊರಿನಿಂದ ಮದುವೆಯಾಗಿ ಬಂದ ಹೆಂಡತಿ ಕರಿಯವ್ವನಂತೂ ಅವನ ಮಾತನ್ನು ಅರ್ಧಕ್ಕೇ ಕಸಿದುಕೊಂಡು ತಾನೇ ಮುಗಿಸುವವಳು. ಊಟಕ್ಕೆ ಕೂತಾಗ ಅವಳಿಂದಲೂ ತಿರುಗಿ ಹೇಳಿಸಲು ಹೋಗಿ, ಅದನ್ನೆಲ್ಲ ನಿಮ್ಮ ಇಮಾನಕ್ಕ ಹೇಳ್ರಿ ಎಂದು ಬೈಸಿಕೊಂಡ.

ಆದರೂ ಹಳೆಯ ಚಾಳಿ ಸುಮ್ಮನೆ ಬಿಡುತ್ತದೆಯೇ? ಆಗಾಗ ಹೂಂ ಜಾರುತ್ತಿತ್ತು, ಆಗೆಲ್ಲ ವಿಮಾನ ನಿಂತೇ ಇರುತ್ತಿತ್ತು. ಇವರದೊಂದು ಹಟ ಎಂದು ವಿರುಪಣ್ಣ ಒಳಗೊಳಗೇ ಗೊಣಗುತ್ತಿದ್ದ.

ಅಂಥದ್ದೇ ಒಂದು ಬೆಳಿಗ್ಗೆ ಗಾಳಿ ಏಳುವ ಲಕ್ಷಣ ಕಂಡಿತು. ಗಾಳಿ ಎದ್ದರೆ ಔಷಧ ಹೊಡೆಯುವಂತಿಲ್ಲ, ಎಲ್ಲರಿಗೂ ಅವಸರ. ವಿಮಾನ ಇಳಿದು ಆ ತುದಿಯಲ್ಲಿ ತಿರುಗಿ ನಿಂತಿತು. ವಿರುಪಣ್ಣ, ಬರಲೇನು ಎಂದು ದೇಶಮುಖರು ಕೇಳಿದರು. ಅವನು ಮಾತಾಡಲು ಗುಂಡಿ ಒತ್ತಿದ. ಅಷ್ಟರಲ್ಲಿ ಹಿಂದಿನಿಂದ ಶಫೀಸಾಬ, ಇನ್ನೊಂದು ಡ್ರಮ್ ಬಿಚ್ಚಲೇನು ಎಂದು ಕೂಗಿದ. "ಹೂಂ," ಅಂದ ವಿರುಪಣ್ಣ. ಬೆರಳು ಗುಂಡಿಯ ಮೇಲೇ ಇತ್ತು. ಶಫೀಸಾಬನಿಗೆ ಅಂದ ಹೂಂ ವಿಮಾನಕ್ಕೂ ಹೋಯಿತು.

ಆಮೇಲೆ ಅವನು ದಾರಿಯ ಕಡೆ ನೋಡಿದ. ಕಾಲುವೆ ಏರಿಯ ಜಾಲಿಗಿಡಗಳ ಮರೆಯಿಂದ ಕರಿಯವ್ವ ತಲೆಯ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ತು ಬಂದು, ಆಗಲೇ ರನ್‌ವೇಯೊಳಗೆ ಕಾಲಿಟ್ಟಿದ್ದಳು. ಹೊರೆಯ ಹುಲ್ಲು ಕಣ್ಣಿನ ತನಕ ಜೋತುಬಿದ್ದಿತ್ತು. ವಿಮಾನದ ಸದ್ದು ದಿನಾ ಕೇಳುವ ಸದ್ದು, ಅವಳು ಅದಕ್ಕೆ ಹೆದರುವುದನ್ನು ಎಂದೋ ಬಿಟ್ಟಿದ್ದಳು. ನಿಲ್ಲರಿ ಎಂದು ಕೂಗಬೇಕು. ಮಾತೂ ಬರಲಿಲ್ಲ, ಕಾಲೂ ಏಳಲಿಲ್ಲ.

ವಿಮಾನ ಇಡೀ ಮೈ ನಡುಗಿಸುತ್ತ ನಿಂತಿತ್ತು. ಮೂತಿಯ ಪಂಖ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿತ್ತು, ಗಾಲಿಗಳು ಮಾತ್ರ ಅಲುಗಲಿಲ್ಲ. ಕರಿಯವ್ವ ತನ್ನ ಅಂಗಳದಲ್ಲಿ ನಡೆದಷ್ಟೇ ನಿಧಾನಕ್ಕೆ ನಡೆದು ದಾಟಿದಳು. ನಿಲ್ಲಿಸಲು ಮಾತು ಬೇಕಾಗಿದ್ದರೆ ಅಂದು ಅವಳು ಉಳಿಯುತ್ತಿರಲಿಲ್ಲ. ಹೊರಡಲು ಮಾತು ಬೇಕಾಗಿತ್ತು, ಆ ಮಾತು ಬಂದಿರಲಿಲ್ಲ, ಅದಕ್ಕೇ ಉಳಿದಳು. ಇಷ್ಟು ದಿನ ಯಾವ ಹಟವನ್ನು ಶಪಿಸಿದ್ದನೋ ಆ ಹಟಕ್ಕೆ ವಿರುಪಣ್ಣ ಮನಸ್ಸಿನಲ್ಲೇ ಉದ್ದಕ್ಕೆ ಅಡ್ಡಬಿದ್ದ.

ಕರಿಯವ್ವ ಗುಡಿಸಲಿನ ಮಗ್ಗುಲಿಗೆ ಹೊರೆ ಕೆಡವಿ, ಯಾಕ ಹಂಗ ನೋಡಾಕ ಹತ್ತೀರಿ ಎಂದು ಕೇಳಿದಳು. ಉತ್ತರ ಬರುವ ಮೊದಲೇ ಸೆಟ್ ಮಾತಾಡಿತು.

"ವಿರುಪಣ್ಣ, ಬರೇ ಹೂಂ ಕೇಳಿಸ್ತು. ಪೂರಾ ಮಾತು ಆಡು."

ವಿರುಪಣ್ಣ ಗುಂಡಿ ಒತ್ತಿದ. ಕಣ್ಣಲ್ಲಿ ನೀರು ತುಂಬಿ ದಾರಿಯೇ ಮಬ್ಬಾಗಿತ್ತು.

"ನನ್ನ ಹೇಣ್ತಿ ಅಡ್ಡ ಬಂದಿದ್ಳ್ರಿ. ನೀವು ನಿಂತ್ರಿ. ಅಕಿ ಉಳದ್ಳ್ರಿ."

ಸೆಟ್ ಗರಗರ ಅಂದಿತು. ಆಮೇಲೆ ದೇಶಮುಖರ ದನಿ ಬಂತು, ಯಾವತ್ತಿಗಿಂತ ಸಣ್ಣದಾಗಿ.

"ನಿನ್ನ ಹೇಣ್ತಿ ಅಡ್ಡ ಬಂದಿದ್ಳು. ನಾ ನಿಂತೆ. ಅಕಿ ಉಳದ್ಳು."

ಕರಿಯವ್ವ ಎರಡೂ ಮಾತನ್ನು ಕೇಳಿಸಿಕೊಂಡಳು. ಗಂಡನ ಮುಖ ನೋಡಿದಳು, ದೂರದ ವಿಮಾನವನ್ನು ನೋಡಿದಳು, ತಾನು ನಡೆದು ಬಂದ ನೆಲವನ್ನು ನೋಡಿದಳು.

ಅಷ್ಟರಲ್ಲಿ ಅತ್ತ ಜಾಲಿಯ ಮರೆಯಿಂದ ಅವಳ ಓಣಿಯ ಮಾರೆವ್ವ ಮತ್ತು ಇನ್ನಿಬ್ಬರು ಹೆಂಗಸರು ಹೊರೆ ಹೊತ್ತು ಬರುವುದು ಕಂಡಿತು. ಕರಿಯವ್ವ ಸೆರಗು ಸಿಕ್ಕಿಸಿಕೊಂಡು ಓಡಿ ರನ್‌ವೇ ದಾಟಿದಳು. ಆಚೆಯ ಅಂಚಿನಲ್ಲಿ ಅವರಿಗೆದುರಾಗಿ ನಿಂತು ಎರಡೂ ಕೈ ಚಾಚಿದಳು. ಬಿಡವಾ, ಹೊರಿ ಭಾರ ಆಗೇತಿ ಎಂದು ಮಾರೆವ್ವ ರೇಗಿದಳು. ಕರಿಯವ್ವ ಜಗ್ಗಲಿಲ್ಲ.

ವಿರುಪಣ್ಣ ಕಣ್ಣೊರೆಸಿಕೊಂಡು ದಾರಿಯ ಎರಡೂ ಬದಿ ನೋಡಿದ, ಇನ್ನೊಮ್ಮೆ ನೋಡಿದ, ಆಮೇಲೆ ಪೂರಾ ಮಾತು ಹೇಳಿದ. ವಿಮಾನ ನಿಧಾನಕ್ಕೆ ಉರುಳುತ್ತ ಬಂದು ಅವಳ ಬೆನ್ನ ಹಿಂದೆಯೇ ಹಾದುಹೋಯಿತು. ಸವಳಿನ ಬಿಳಿ ಧೂಳು ಅವಳ ಕೂದಲ ಮೇಲೆ, ಹೆಗಲ ಮೇಲೆ, ಚಾಚಿದ ತೋಳುಗಳ ಮೇಲೆ ಮೆಲ್ಲಗೆ ಇಳಿಯಿತು. ಅವಳು ಕೈ ಇಳಿಸಿರಲಿಲ್ಲ.