ಅಟ್ಟದ ಮರದ ಹೊಗೆ

ನೀಲಿಯಾ ಅದು, ಇಲ್ಲಾ ಬಿಸಿಲಿಗೆ ಹಾಗೆ ಕಾಣುತ್ತಿದೆಯಾ, ಉಮ ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ ತಂದಳು, ಮರದ ಪುಡಿ ಒತ್ತಿ ಮಾಡಿದ ಪೆಲೆಟ್ಟುಗಳು, ನೋಡಲು ಥೇಟ್ ಕುರಿಗೆ ಹಾಕುವ ಫೀಡು, ಅದರಲ್ಲೊಂದರ ಮೈಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಚುಕ್ಕೆ, ನೀಲಿ — ಚೀಲದ್ದಿರಬೇಕು, ಪೆಲೆಟ್ ಮಿಷಿನ್ನಿನ ಕುಳ್ಳಯ್ಯ ತುಂಬಿ ಕೊಟ್ಟಿದ್ದು ಗೊಬ್ಬರದ ಚೀಲದಲ್ಲಿ, ಅದರ ಮೇಲಿನ ಅಕ್ಷರದ ಬಣ್ಣ ಅಂಟಿದ್ದರೂ ಅಂಟಿರಬಹುದು, ಉಗುರಿನಲ್ಲಿ ಕೆರೆದಳು, ಬರಲಿಲ್ಲ, ಒಳಗೇ ಕೂತಿದೆ ಹಾಳಾದ್ದು. ಬೆನ್ನ ಹಿಂದೆ ಹೊಗೆಪೆಟ್ಟಿಗೆ ಬುಸುಗುಡುತ್ತಿದೆ, ಒಳಗೆ ಎರಡು ಕೆಜಿ ಬಾಡು, ಮಾಂಸದ ತುಂಡಿಗೆ ಉಪ್ಪು ಅರಿಶಿನ ಸವರಿ ದಾರಕ್ಕೆ ಪೋಣಿಸಿ ಎರಡು ದಿನ ಒಣಗಿಸಿದ್ದು, ಬೆಳಗಿನಿಂದ ಈ ಚೀಲದ ಪೆಲೆಟ್ಟಿನ ಹೊಗೆಯನ್ನೇ ಕುಡಿಯುತ್ತಿದೆ. ಆಯ್ತೇನವ್ವಾ, ಇನ್ನೂ ಎಷ್ಟೊತ್ತು, ಜಗಲಿಯಿಂದ ಪ್ರಿಯಾಂಕ ಕೂಗುತ್ತಾಳೆ, ಎಷ್ಟು ತಿಂಗಳಾಯಿತು ಆ ದನಿಯಲ್ಲಿ ಹಸಿವು ಕೇಳಿ, ಇರು ಕೂಸೇ, ಆಯ್ತು ಅಂದಳು, ಮುಷ್ಟಿ ಮುಚ್ಚಿಕೊಂಡಳು, ಮಗಳಿಗೆ ಕಾಣದಿರಲಿ ಅಂತ.

ಪ್ರಿಯಾಂಕಳ ಹೋದ ವರ್ಷದ ಬಸಿರು ನಾಲ್ಕನೇ ತಿಂಗಳಲ್ಲಿ ಹೋಯಿತು. ಈ ಸಲ ಆರು ತುಂಬಿದೆ, ತುಂಬಿ ಏನು ಬಂತು, ಅನ್ನ ಕಂಡರೆ ವಾಂತಿ, ಮುದ್ದೆ ಕಂಡರೆ ವಾಂತಿ, ಮಗು ತೂಕ ಏರುತ್ತಿಲ್ಲ ಕಣ್ರೀ, ಏನಾದ್ರೂ ತಿನ್ನಿಸಿ ಅಂತ ಆಸ್ಪತ್ರೆ ಡಾಕ್ಟರಮ್ಮ ಸ್ಕ್ಯಾನಿಂಗ್ ಚೀಟಿ ಮಡಿಸುತ್ತಾ ಹೇಳಿದಾಗ ಪ್ರಿಯಾಂಕ ಬಾಯಿ ಬಿಟ್ಟು ಕೇಳಿದ್ದು ಇದೊಂದೇ, ಅವ್ವ, ಅಜ್ಜಿ ಒಲೆ ಮೇಲ್ ಕಟ್ತಿದ್ದ ಉಪ್ಕಂಡದ ಬಾಡು ತಿನ್ನಂಗಾಗದೆ. ಅಜ್ಜಿ ಎಲ್ಲಿ, ಒಲೆ ಎಲ್ಲಿ, ಅತ್ತೆ ಪ್ರೇಮಮ್ಮ ಹೋಗಿ ಎರಡು ವರ್ಷ, ಹಳೇ ಅಡುಗೆಮನೆ ಕೆಡವಿ ಗ್ಯಾಸು ಇಟ್ಟು ಒಂದು ವರ್ಷ. ಅಳಿಯ ಗಿರೀಶ ಶ್ರೀರಂಗಪಟ್ಟಣದ ರೆಸಾರ್ಟಿನಲ್ಲಿ ಅಡುಗೆ ಮಾಡುವವನು, ಅಲ್ಲಿ ಮೂಲೆಗೆ ಬಿದ್ದಿದ್ದ ಈ ಪೆಟ್ಟಿಗೆಯನ್ನು ಗೂಡ್ಸ್ ಆಟೋದಲ್ಲಿ ಬಿಂಡಿಗನವಿಲೆವರೆಗೆ ಹೊತ್ತು ತಂದ, ಜೊತೆಗೊಂದು ಚೀಲ ಪೆಲೆಟ್ಟು, ಸೇಬಿನ ಮರದ್ದಂತೆ, ಹೊಗೆ ಏನೋ ಸಿಹಿ ಸಿಹಿ, ಪ್ರಿಯಾಂಕ ಮೂಸಿದಳು, ಇದು ಅಜ್ಜಿದಲ್ಲ ಅಂದಳು, ಬಚ್ಚಲಿಗೆ ಓಡಿದಳು. ಆಮೇಲೆ ಕೆ.ಆರ್. ಪೇಟೆ ಸಾಮಿಲ್ಲಿನಿಂದ ಹುಣಸೆಮರದ ಚಕ್ಕೆ, ಅದೂ ಅಜ್ಜಿದಲ್ಲ. ಯಾವ ಮರವಪ್ಪಾ ಹಾಗಾದರೆ, ಪ್ರೇಮಮ್ಮ ಒಲೆಗೆ ಮರ ಆರಿಸಿದವಳೇ ಅಲ್ಲ, ಕೈಗೆ ಸಿಕ್ಕಿದ್ದು ಉರಿಸಿದವಳು, ಜಾಲಿ, ತೆಂಗಿನ ಮಟ್ಟೆ, ಹಿಪ್ಪುನೇರಳೆ ಕಡ್ಡಿ — ಆಗ ಹೊಳೆದದ್ದು ಅಟ್ಟ. ಒಲೆಯ ಮೇಲಿನ ಅಟ್ಟದ ತೊಲೆಗಳು, ನಲವತ್ತು ವರ್ಷ ಅತ್ತೆಯ ಹೊಗೆ ಕುಡಿದು ಕರ್‍ರಗಾದವು, ಕೊಟ್ಟಿಗೆ ಹಿಂದೆ ಬಿದ್ದಿವೆಯಲ್ಲ, ಆ ವಾಸನೆ ಇನ್ನೆಲ್ಲಿ ಹೋಗಿರುತ್ತೆ, ಅದರೊಳಗೇ ತಾನೇ ಇರಬೇಕು. ಎಂಥಾ ಬುದ್ಧಿವಂತೆ ನೀನು ಉಮಾ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

ನಾಗಮಂಗಲ ರಸ್ತೆಯ ಪೆಲೆಟ್ ಮಿಷಿನ್ನಿನಲ್ಲಿ ಕೆಲಸ ಮಾಡುವ ಕುಳ್ಳಯ್ಯ ಮೊದಲೇ ಹೇಳಿದ್ದ, ಉಮಕ್ಕ, ನಾವ್ ಮಾಡೋದು ಬಾಯ್ಲರ್ ಉರಿಗೆ ಕಣಕ್ಕ, ತಿನ್ನೋ ಬಾಡಿಗಲ್ಲ, ಹೂಂ ಕಣಪ್ಪ ಗೊತ್ತು, ನಮ್ಮ ಮನೆ ಮರಾನೇ ಬ್ಯಾರೆ ಪುಡಿ ಮಾಡಿ ಒತ್ಕೊಡು, ಬಸುರಿ ಹುಡುಗಿ ಆಸೆ ಪಟ್ಟವಳೆ. ಗಿರೀಶನೂ ಫೋನಿನಲ್ಲಿ ಹೇಳಿದ್ದ, ಅತ್ತೆ, ಬಣ್ಣ ಪಾಲಿಶು ಕಂಡ ಮರ ಮಾತ್ರ ಬ್ಯಾಡಿ, ಹಳೇ ಪೇಂಟಲ್ಲಿ ಸೀಸ ಇರ್ತದೆ, ಅದರ ಹೊಗೆ ಹೊಟ್ಟೆಲಿರೋ ಮಗೀಗೆ ಇಸ, ಅಯ್ಯೋ ಅಷ್ಟೂ ಗೊತ್ತಾಗಲ್ವೇನಪ್ಪ ನಂಗೆ, ತೊಲೆಗೆ ಯಾರು ಬಣ್ಣ ಹೊಡೀತಾರೆ, ಮಸಿ ಬುಟ್ರೆ ಇನ್ನೇನಿಲ್ಲ. ತೊಲೆಗೆ ಇಲ್ಲ, ನಿಜ, ಬಾಗಿಲಿಗೆ? ಅಡುಗೆಮನೆ ಬಾಗಿಲು, ಪ್ರತಿ ಗೌರಿಹಬ್ಬಕ್ಕೆ ಪ್ರೇಮಮ್ಮ ತಪ್ಪದೆ ಬಳಿಸುತ್ತಿದ್ದ ನೀಲಿ, ವರ್ಷದ ಮೇಲೆ ವರ್ಷ, ಹಪ್ಪಳದ ಹಾಗೆ ಏಳುತ್ತಿದ್ದ ಪದರ, ಅಡುಗೆಮನೆ ಕೆಡವಿದಾಗ ಆ ಬಾಗಿಲನ್ನೂ ತೊಲೆಗಳಿಗೇ ಒರಗಿಸಿ ಇಟ್ಟಿದ್ದರು, ಬಾಗಿಲು ಬುಟ್ಬುಡು ಕುಳ್ಳಯ್ಯ ಅಂದಿದ್ದೆ ತಾನೇ, ಅಂದಿದ್ದೆ, ಅವನು ಟ್ರಾಕ್ಟರು ಹಿಂದಕ್ಕೆ ತೆಗೆಯುತ್ತಿದ್ದ, ಅಷ್ಟರಲ್ಲಿ ಪ್ರಿಯಾಂಕ ಒಳಗೆ ವಾಂತಿ ಮಾಡುವ ಸದ್ದು, ಓಡಿದೆ, ಓಡುತ್ತಾ ಅಲ್ಲಿರೋದೆಲ್ಲಾ ತಗೊಂಡೋಗು ಅಂದೆನಾ — ಎಲ್ಲಾ ಅಂದೆನಾ — ಇಲ್ಲ ಇಲ್ಲ, ಬಾಗಿಲು ಅಲ್ಲೇ ಇರುತ್ತೆ, ಒಂದು ಸಲ ನೋಡಿ ಬಂದರೆ ಜೀವಕ್ಕೆ ಸಮಾಧಾನ.

ಕೊಟ್ಟಿಗೆಯ ಹಿಂದಕ್ಕೆ ಇಪ್ಪತ್ತು ಹೆಜ್ಜೆ, ಅಷ್ಟರಲ್ಲಿ ಕಣ್ಣ ಮುಂದೆ ಬಂದುಬಿಟ್ಟಿತು, ಒಂದೂವರೆ ವರ್ಷದ ಪ್ರಿಯಾಂಕ ಬಾಗಿಲು ಹಿಡಿದು ನಿಂತು ಉಗುರಿನಲ್ಲಿ ಬಣ್ಣ ಎಬ್ಬಿಸುವುದು, ಬಾಯಿಗೆ ಹಾಕಿಕೊಳ್ಳುವುದು, ಲೇ ಉಮಾ, ಮಗ ಏನೋ ತಿಂತಾ ಅದೆ ನೋಡಮ್ಮಿ, ಒಲೆ ಮುಂದಿಂದ ಅತ್ತೆ, ಉಮ ಓಡಿ ಬೆರಳು ಹಾಕುತ್ತಾಳೆ, ಆ ಪುಟ್ಟ ಕೆಂಪು ನಾಲಗೆ, ಅದರ ಮೇಲೆ ನೀಲಿ ಚೂರು. ಎಷ್ಟು ಸಲ ತೆಗೆದಳೋ, ಎಷ್ಟು ಸಲ ಕಾಣದೆ ಹೊಟ್ಟೆಗೆ ಹೋಯಿತೋ, ಆಗ ಯಾರಿಗೆ ಗೊತ್ತಿತ್ತು ಸೀಸ ಗೀಸ. ಗೋಡೆ ಬೋಳಾಗಿತ್ತು. ತೊಲೆಯೂ ಇಲ್ಲ, ಬಾಗಿಲೂ ಇಲ್ಲ, ಗೆದ್ದಲು ಹತ್ತಬಾರದೆಂದು ಬಾಗಿಲ ಕೆಳಗೆ ಇಟ್ಟಿದ್ದ ಎರಡು ಕಲ್ಲು ಮಾತ್ರ, ಗೋಡೆಯ ಸುಣ್ಣಕ್ಕೆ ಆಳೆತ್ತರದ ನೀಲಿ ಗೀರು. ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ, ಎಲ್ಲಾ ಅಂದಿದ್ದೀನಿ, ಎಲ್ಲಾ ಅಂದೇ ಅಂದಿದ್ದೀನಿ. ಹೋಗಲಿ, ಇನ್ನೂ ಯಾರೂ ಬಾಯಿಗಿಟ್ಟಿಲ್ಲ, ಬಾಡು ಹೂತುಹಾಕಿದರಾಯಿತು, ಸೇಬಿನ ಚೀಲ ಅರ್ಧ ಹಾಗೇ ಇದೆ, ಹೊಸ ಬಾಡು ತರಿಸಿದರಾಯಿತು, ನಾಯಿ ಎಳಕೊಂಡು ಹೋಯ್ತು ಅಂತ ಸುಳ್ಳು ಹೇಳಿದರಾಯಿತು — ಪೆಟ್ಟಿಗೆಯ ಬಾಗಿಲು ಕಿರ್ ಎಂದು ಮುಚ್ಚಿಕೊಂಡಿತು.

ಓಡಿ ಬಂದು ನೋಡಿದರೆ ಪ್ರಿಯಾಂಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಾಳೆ, ಕೆನ್ನೆ ಉಬ್ಬಿದೆ, ಕಣ್ಣು ಮುಚ್ಚಿ ಅಗಿಯುತ್ತಿದ್ದಾಳೆ, ಆ ಮುಖದಲ್ಲಿ ಅಂಥ ಸುಖ ಕಂಡು ಎಷ್ಟು ಕಾಲವಾಯಿತು, ಅವ್ವ, ಇದೇ ಕಣವ್ವ, ಅಜ್ಜಿ ಒಲೆದೇ, ವಾಂತಿನೂ ಬರ್ತಿಲ್ಲ ನೋಡು. ಬಸುರಿ ಬಾಯಿಗೆ ಅಡ್ಡ ಬರಬಾರದು, ಪ್ರಿಯಾಂಕ ಹೊಟ್ಟೆಯಲ್ಲಿದ್ದಾಗ ಮೈದುನ ತಮಾಷೆಗೆ ಉಮಳ ಕೈಯಿಂದ ಬೆಲ್ಲದಚ್ಚು ಕಸಿದ, ಪ್ರೇಮಮ್ಮ ಸವಟು ಬೀಸಿ ಬಾರಿಸಿದ್ದಳು, ಬಸುರಿ ತುತ್ತು ಕಿತ್ಕತೀಯೇನ್ಲಾ ಪಾಪಿ, ಆ ಪಾಪ ಈಗ ತನ್ನ ಕೈಗೆ ಬಂತು, ಬರಲಿ, ನನಗೇ ಇರಲಿ. ಉಗಿ ಮಗಾ, ಉಗಿ, ಯಾಕವ್ವ, ಉಗಿ ಅಂದ್ರೆ, ಪ್ರಿಯಾಂಕ ನುಂಗಲು ಹೋದಳು, ಉಮ ಅವಳ ದವಡೆ ಹಿಡಿದಳು, ಇನ್ನೊಂದು ಕೈಯ ಬೆರಳು ಬಾಯೊಳಗೆ ಹಾಕಿದಳು, ಬೆರಳಿಗೆ ದಾರಿ ಗೊತ್ತಿತ್ತು, ಆಗಿನ ಹಾಗೆಯೇ ಮಗಳು ಕಣ್ಣಗಲಿಸಿ ಬಾಯಿ ಬಿಟ್ಟಳು. ಅಂಗೈಯಲ್ಲಿ ಅಗಿದ ಬಾಡು, ಎಂಜಲು, ಬಿಡಿಸಿ ನೋಡಿದಳು, ಕೆಂಪು, ಕಂದು, ಏನೂ ಕಾಣಲ್ಲ, ಹೊಗೆ ಎಲ್ಲಾದರೂ ಕಾಣುತ್ತಾ, ಎಷ್ಟು ತಿಂದೆ, ಅವ್ವ ನಿಂಗೇನಾಗದೆ, ಎಷ್ಟು ತಿಂದೆ ಹೇಳೇ, ಮೂರು ಕಣವ್ವ, ಇದು ನಾಕನೇದು ಅನ್ನುತ್ತಾ ಪ್ರಿಯಾಂಕ ಅಳಲು ಶುರುಮಾಡಿದಳು, ಎರಡೂ ಕೈ ಹೊಟ್ಟೆಯ ಮೇಲಿದ್ದವು. ನಾಲಗೆ ಚಾಚು. ಚಾಚಿದಳು, ಆರು ತಿಂಗಳ ಬಸುರಿ, ಅಳುತ್ತಾ, ಅಷ್ಟು ಉದ್ದ. ಕೆಂಪಾಗಿದೆ, ಶುದ್ಧವಾಗಿದೆ, ಉಮ ಇನ್ನೂ ಹತ್ತಿರ ಬಗ್ಗಿದಳು, ಏನೂ ಇಲ್ಲ, ಏನೂ ಇಲ್ಲವಲ್ಲ, ಆದರೂ ಕಾಣುತ್ತಿದೆಯಲ್ಲ, ಕೆಂಪು ನಾಲಗೆ, ಅದರ ಮೇಲೆ ನೀಲಿ ಚೂರು, ಕೆಂಪು ನಾಲಗೆ, ನೀಲಿ ಚೂರು, ನೀಲಿ —