ಹದಿನಾಲ್ಕ್ ವರ್ಷದ ಜೋಮು

ಕೋಡಿ ಸಮುದ್ರದ ಆಣೆ, ನನ್ನ ಎರಡೂ ಕಣ್ಣಿನ ಆಣೆ ಮಾರ್ರೆ, ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನಂಗೆ ಇನ್ನು ಸಾಯುವವರೆಗೆ ಮೀನ್ ಸಾರೇ ಸೇರದೆ ಹೋಗ್ಲಿ.

ನಮ್ ಕೋಡಿಯ ಉಮಾನಾಥ ಮುಂಬೈಯಲ್ಲಿ ಹದಿನಾಲ್ಕ್ ವರ್ಷ ಸಂಬಳಕ್ಕೆ ಫುಟ್ಬಾಲ್ ಆಡಿದವ. ಆಡಿದವ ಅಂದ್ರೆ, ಕೂತವ. ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಒಂದನೆಯವ್ನ ಕಾಲು ಮುರಿದ್ರೆ ಇವ ಇಳೀಕ್. ಆ ಪುಣ್ಯಾತ್ಮನಿಗೆ ಹದಿನಾಲ್ಕ್ ವರ್ಷದಲ್ಲಿ ಒಂದು ಶೀತ ಕೂಡ ಆಗ್ಲಿಲ್ಲ ಕಾಣಿ! ಉಮಾನಾಥ ಆಡಿದ್ದು ಒಟ್ಟು ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷದಲ್ಲಿ ಬಾಲ್ ಇವ್ನ ಬದಿಗೆ ತಲೆ ಹಾಕಿ ಮಲಗ್ಲೂ ಇಲ್ಲ.

ಬೆಂಚಿನ ಮೇಲೆ ಕೂತು ಕೂತು ಮೊದಲ ವರ್ಷ ಕುಂಡಿಗೆ ಜೋಮು ಹಿಡೀತ್. ಮೂರನೇ ವರ್ಷ ಸೊಂಟಕ್ಕೆ ಬಂತ್. ಎಂಟನೇ ವರ್ಷ ಹೊಟ್ಟೆಗೆ. ಹಸಿವಾದದ್ದು ಅವ್ನಿಗೆ ಗಡಿಯಾರ ಕಂಡೇ ಗೊತ್ತಾಯ್ಕ್. ಹನ್ನೆರಡನೇ ವರ್ಷ ಎದೆಗೆ ಏರಿ ಅಲ್ಲೇ ಬಿಡಾರ ಹೂಡ್ತು. ಡಾಕ್ಟ್ರು ಚುಚ್ಚಿ ಕಂಡ್ರೆ ಸೂಜಿಯೇ ಬಗ್ಗಿ ಹೋಯ್ತ್. ಕಡೆಗೆ ಕ್ಲಬ್ಬಿನವ್ರು "ಇನ್ನು ಸಾಕು ಮಾರಾಯ" ಅಂದಾಗ ಅವ್ನಿಗೆ ದುಃಖವೂ ಆಗ್ಲಿಲ್ಲ, ಸಿಟ್ಟೂ ಬರ್ಲಿಲ್ಲ. "ಆಯ್ತ್" ಅಂದ. ಬ್ಯಾಗ್ ಹೆಗಲಿಗೆ ಹಾಕಿ ರೈಲು ಹತ್ತಿದ.

ಊರಿಗೆ ಬಂದು ಕೋಡಿಯ ಹೆಣ್ಮಕ್ಕಳ ಟೀಮಿಗೆ ಕೋಚ್ ಆದ. ಎಲ್ಲ ಮೀನಿನ ಮನೆಯ ಮಕ್ಕಳು. ಮುಂಬೈಯಲ್ಲಿ ಕಲಿತ ಇಂಗ್ಲಿಷ್ ಮಾತೆಲ್ಲ ಹೇಳಿದ, ಮಕ್ಕಳು ಮೂಗಿಗೆ ಬೆರಳು ಹಾಕಿ ನಿಂತ್ಕಂಡ್ರ್. ಮರುದಿನ ಅವ ಕೈರಂಪಣಿ ಲೆಕ್ಕದಲ್ಲಿ ಹೇಳಿಕೊಟ್ಟ. ಕೈರಂಪಣಿ ಅಂದ್ರೆ ದಡದಲ್ಲೇ ನಿಂತು ಎಳೆಯುವ ದೊಡ್ಡ ಬಲೆ. ಎರಡು ತುದಿಯ ಹಗ್ಗ ಎರಡು ಗುಂಪಿನ ಕೈಲಿ. ಎರಡೂ ಕಡೆಯವ್ರು ಸಮ ಎಳೀತಾ ಹತ್ರ ಹತ್ರ ಬಂದ್ರೆ ಒಂದು ಮೀನೂ ತಪ್ಪುದಿಲ್ಲ. ಒಂದು ಬದಿ ಸಡ್ಲ ಆಯ್ತಾ, ಇದ್ದ ಮೀನೆಲ್ಲ ಅಲ್ಲಿಂದ್ಲೇ ಪಾರು.

"ಬಾಲೇ ಮೀನು ಮಕ್ಕಳೇ, ಎರಡು ಬದಿಯಿಂದ್ಲೂ ಎಳ್ಕಂಡ್ ಬನ್ನಿ" ಅಂದ. ಅಷ್ಟು ಸಾಕಾಯ್ತ್. ಆ ವರ್ಷ ಹಾಲಾಡಿಯವರೆಗೆ ಹೋಗಿ ಆಡಿದ ಒಂಬತ್ತು ಮ್ಯಾಚಲ್ಲಿ ಒಂದು ಬಾಲೂ ನಮ್ ಗೋಲಿನ ಹತ್ರ ಬರ್ಲಿಲ್ಲ. ಗೋಲ್‌ಕೀಪರ್ ಪ್ರಣೀತಾ ಕಂಬಕ್ಕೆ ಒರಗಿ ನಿಂತದ್ದೇ ನಿಂತದ್ದು. ಅವಳ ತಲೆ ಮೇಲೆ ಗೂಡು ಕಟ್ಟುಕೆ ಕಾಗೆ ಕಡ್ಡಿ ತಂದಿತ್ತು, ನಾನೇ ಓಡ್ಸಿದ್ದು.

ಫೈನಲ್ ಬ್ರಹ್ಮಾವರದಲ್ಲಿ, ಬೈಂದೂರಿನವ್ರ ಮೇಲೆ. ರಾಜ್ಯದ ಕ್ಯಾಂಪಿಗೆ ಮಕ್ಕಳನ್ನ ಆರಿಸುವ ಮೇಡಂ ಬಂದು ಕುರ್ಚಿಯಲ್ಲಿ ಕೂತಿದ್ರ್. ಪ್ರಣೀತಾಗೆ ಇದೇ ಕಡೇ ವರ್ಷ. ವಯಸ್ಸು ದಾಟಿದ್ರೆ ಮತ್ತೆ ಆ ಕ್ಯಾಂಪ್ ಇಲ್ಲ.

ಅರ್ಧ ಆಟ ಮುಗೀತ್, ಯಾರದ್ದೂ ಗೋಲಿಲ್ಲ. ಮೇಡಂ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ ಎಂತೆಂತದೋ ಬರ್ದಿದ್ರ್. ಪ್ರಣೀತಾಳ ಹೆಸರಿನ ಮುಂದೆ ಎಂತ ಇಲ್ಲ.

"ನಿಮ್ಮ ಗೋಲ್‌ಕೀಪರಿಗೆ ಆಟ ಬರುತ್ತಾ?" ಅಂತ ಉಮಾನಾಥನ ಹತ್ರ ಕೇಳಿದ್ರ್. "ನೋಡದೆ ನಾನು ಏನು ಬರೀಲಿ?"

ಪ್ರಣೀತಾಳ ಅಬ್ಬಿ ವನಜ ಆ ದಿನದ ಮೀನ್ ವ್ಯಾಪಾರ ಬಿಟ್ಟು ಮ್ಯಾಚ್ ಕಾಂಬುಕೆ ಬಂದವಳು, ಅಲ್ಲೇ ನಿಂತಿದ್ಳು. "ಉಮಾನಾಥಣ್ಣ, ನನ್ ಮಗಳನ್ನ ಎಂತ ಆ ಕಂಬದ ಕಾವಲಿಗೆ ನಿಲ್ಸಿದ್ದಾ? ಅದನ್ನ ಯಾರ್ ಕದ್ಕಂಡ್ ಹೋತ್ರ್?"

ಉಮಾನಾಥ ಗೋಲಿನ ಬದಿ ಕಂಡ. ಪ್ರಣೀತಾ ಎಡಗಾಲು ಕೊಡವಿದ್ಳು. ಆಮೇಲೆ ಬಲಗಾಲು. ಜೋಮು ಹಿಡಿದವ್ರು ಕೊಡವುದು ಅವ್ನಿಗೆ ಗೊತ್ತಿಲ್ಯಾ? ಅವ್ನಿಗೆ ಪಾಪ ಅಂತ ಅನ್ನಿಸ್ಲಿಲ್ಲ. ಅಂತದ್ದೆಲ್ಲ ಅವ್ನೊಳಗೆ ನಿಂತ್ಹೋಗಿ ಎಷ್ಟೋ ಕಾಲ ಆಗಿತ್ತು. ಆ ಜೋಮು ಎಂತದು ಅಂತ ಗೊತ್ತಿತ್ತು, ಅಷ್ಟೇ.

ಎಡಬದಿ ಕಾಯುವ ಅನಿಷಾಳನ್ನ ಕರೆದ.

"ಅನಿಷಾ, ನಿನ್ನ ಬದಿ ಹಗ್ಗ ಸಡ್ಲ ಬಿಡು."

"ಎಂತಕೆ ಸರ್? ಬೈಂದೂರಿನವ್ರು ಅಲ್ಲೇ ನುಗ್ತ್ರ್!"

"ನುಗ್ಲಿ."

ನುಗ್ಗಿದ್ರ್ ಮಾರ್ರೆ! ಮೊದಲ ಬಾಲನ್ನ ಪ್ರಣೀತಾ ಎದೆಗೆ ಅವಚಿ ಹಿಡಿದ್ಳು. ಎರಡನೆಯದನ್ನ ಹಿಡಿದ ಶಬ್ದಕ್ಕೆ ಹೈವೇಯಲ್ಲಿ ಬಸ್ಸಿನವ ಟೈರ್ ಒಡೀತ್ ಅಂತ ಇಳಿದು ಕಂಡ. ಐದನೆಯದಕ್ಕೆ ಹಾರಿದವಳು ಕೆಳಗೆ ಬೀಳುವಷ್ಟರಲ್ಲಿ ವನಜ ಸೆರಗು ಸರಿ ಮಾಡಿ, ಪಕ್ಕದವಳಿಗೆ "ಅದ್ ನನ್ ಮಗಳೇ" ಅಂತ ಎರಡು ಸಲ ಹೇಳಿ ಮುಗ್ಸಿದ್ಳು. ಏಳು ಬಾಲ್ ಹಿಡಿದ್ಳು. ಮೇಡಂ ಪೆನ್ನು ನಿಲ್ಲಲೇ ಇಲ್ಲ.

ಎಂಟನೆಯದು, ಕಡೇ ನಿಮಿಷದ್ದು, ಒಳಗೆ ಹೋಯ್ತ್. ಕಪ್ ಬೈಂದೂರಿಗೆ.

ವಾಪಸ್ ಬಪ್ಪುವಾಗ ವ್ಯಾನಲ್ಲಿ ಎಲ್ಲರೂ ಅನಿಷಾಳ ಮೇಲೆ ಬಿದ್ರ್. "ಎಂತ ಹೆಣ್ಣೆ, ಅಲ್ಲಿ ನಿಂತು ನಿದ್ದೆ ಮಾಡ್ದ್ಯಾ? ನಿನ್ನಿಂದ್ಲೇ ಕಪ್ ಹೋಯ್ತ್." ಅನಿಷಾ ಕಣ್ಣೀರು ಇಳಿಸಿಕೊಂಡು ಕೋಚಿನ ಮುಖವನ್ನೇ ಕಂಡ್ಳು. ಕೋಚ್ ಕಿಟಕಿ ಕಂಡ. ನಾಲಿಗೆಗೂ ಜೋಮು ಏರಿತ್ತಾ ಎಂತದೋ. ವ್ಯಾನ್ ತೆಕ್ಕಟ್ಟೆ ದಾಟಿತು. ಆಗ ನಾಲಿಗೆಯನ್ನ ಹಲ್ಲಲ್ಲಿ ಒಮ್ಮೆ ಕಚ್ಚಿ ಕಂಡ.

"ಬಿಡುಕೆ ಹೇಳಿದ್ದು ನಾನು" ಅಂದ. "ಪ್ರಣೀತಾ ಆಡುದನ್ನ ಮೇಡಂ ಕಾಣ್ಲಿ ಅಂತ."

ಪ್ರಣೀತಾ ಎದ್ದು ನಿಂತ್ಳು.

"ಇಷ್ಟು ಜನ ಓಡಿ ಓಡಿ ಸತ್ತದ್ದ್ ಕಾಣ್ಲಿಲ್ಯಾ ಸರ್ ನಿಮ್ಗೆ? ನನ್ನತ್ರ ಒಂದ್ ಮಾತು ಕೇಳುಕೆ ಎಂತ ಆಗಿತ್ತ್? ಮತ್ತೆ, ಆ ಏಳು ಹಿಡ್ದದ್ದ್ ನಾನು. ನೀವು ಕೊಟ್ಟದ್ದ್ ಅಂತ ತಿಳ್ಕಂಬುದ್ ಬೇಡ."

"ಆಯ್ತ್" ಅಂದ ಉಮಾನಾಥ.

ತಿಂಗಳೊಳಗೆ ಪ್ರಣೀತಾಗೆ ಕ್ಯಾಂಪಿನ ಕಾಗದ ಬಂತ್, ಹೋದ್ಳು. ಅನಿಷಾ ಮೈದಾನಕ್ಕೆ ಬಪ್ಪುದು ಬಿಟ್ಳು. ಅವಳು ಇಲ್ದೆ ಬಲೆಯೇ ಇಲ್ಲ, ಉಳಿದವ್ರೂ ಒಬ್ಬೊಬ್ರೇ ಜಾರಿದ್ರ್. ಉಮಾನಾಥ ದಿನಾ ಸಂಜೆ ಅವಳ ಮನೆ ಮೆಟ್ಟಿಲ ಮೇಲೆ ಹೋಗಿ ಕೂತ. ಕೂಪುದು ಅವ್ನಿಗೆ ಹೊಸತಾ? ಇಪ್ಪತ್ತೊಂದನೇ ಸಂಜೆ ಅನಿಷಾ ಬಾಗಿಲಿಗೆ ಬಂದ್ಳು.

"ಇನ್ನು ಯಾರ್ ಹೇಳಿದ್ರೂ ಹಗ್ಗ ಸಡ್ಲ ಬಿಡುದಿಲ್ಲ. ನೀವ್ ಹೇಳಿದ್ರೂ."

"ಬಿಡ್ಬೇಡ" ಅಂದ.

ಖುಷಿ ಆಯ್ತಾ ಅಂತ ಆಮೇಲೆ ನಾನು ಕೇಳಿದ್ದೆ. "ಗೊತ್ತಿಲ್ಲ ಮಾರಾಯ. ಕಾಲಿನ ಕಿರುಬೆರಳು ಒಂಚೂರು ಚುರುಚುರು ಅಂತ್" ಅಂದ.

ಈಗ ಮಕ್ಕಳೆಲ್ಲ ವಾಪಸ್ ಬಂದಿದ್ರ್, ಗೋಲ್ ಮಾತ್ರ ಖಾಲಿ. ನಿಮ್ಮ ಮಗಳು ಎಂಟನೇ ಕ್ಲಾಸಿಗೇ ಬಾಗಿಲಿಗೆ ತಲೆ ತಾಗುವಷ್ಟು ಉದ್ದ ಅಂತ ಕೇಳಿದೆ, ಹೌದಾ? ನಾಳೆ ಬೆಳಿಗ್ಗೆ ಆರಕ್ಕೆ ಕೋಡಿಗೆ ಕರ್ಕಂಡ್ ಬನ್ನಿ. ಬಪ್ಪುವಾಗ ದಾರಿಯಲ್ಲಿ ಅವಳಿಗೆ ಈ ಕತೆ ಒಂದು ಹೇಳ್ಬೇಡಿ.